ಅರಗಿನ ತಟ್ಟೆಯ ಪಾಠವೂ ಅದರ ಪ್ರತಿಗಳೂ: ಬೀಳಗಿ, ಮುಧೋಳ ಪ್ರಾಂತದ ಧ್ವನಿದಾಖಲೆಗಳನ್ನು ಕುರಿತು

ಮುಧೋಳವು ಕವಿ ರನ್ನನ ಜನ್ಮಸ್ಥಳ. ಕ್ರಿ.ಶ. ೯೯೩ರಲ್ಲಿ ಪೂರ್ಣಗೊಂಡ ಆತನ ಅಜಿತಪುರಾಣವು ನಮ್ಮವರೆಗೆ ಬಂದಿರುವುದು ಓಲೆಯಿಂದ ಓಲೆಗೆ ಪ್ರತಿಮಾಡಿದ ಲಿಪಿಕಾರರ ಕೈಯಿಂದ. ಅವರು ಕೃತಿಯನ್ನು ಉಳಿಸಿದರು. ಅಲ್ಲಲ್ಲಿ ಕೆಡಿಸಿದರು ಕೂಡ. ಆದುದರಿಂದಲೇ ಪಾಠಾಂತರಗಳನ್ನು ತೂಗಿ ನೋಡದೆ ಯಾವ ಸಂಪಾದಕನೂ ಮುಂದುವರಿಯುವುದಿಲ್ಲ. ಅದೇ ಸೀಮೆಯ ಕಂಠಗಳನ್ನು ಕಾಪಾಡಿರುವ ಧ್ವನಿಮುದ್ರಿಕೆಗಳ ವಿಷಯದಲ್ಲಾದರೋ ಈ ಎಚ್ಚರ ನಮ್ಮಲ್ಲಿ ಇನ್ನೂ ಸಾಕಷ್ಟು ಬೆಳೆದಿಲ್ಲ. ಯಂತ್ರವು ಮಾಡಿದ ಪ್ರತಿಯಲ್ಲಿ ತಪ್ಪು ನುಸುಳದೆಂಬ ನಂಬಿಕೆಯೇ ಇದಕ್ಕೆ ಕಾರಣವೆಂದು ತೋರುತ್ತದೆ.

ಬೀಳಗಿಯವರಾದ ಅಮೀರಬಾಯಿ ಕರ್ನಾಟಕಿಯವರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ೧೯೪೩ರ ‘ಕಿಸ್ಮತ್’ ಚಿತ್ರದ ಗೀತಗಳಿಂದ ಅವರ ಹೆಸರು ದೇಶವ್ಯಾಪಿಯಾಯಿತು, ೧೯೪೮ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ಸಂಯೋಜಿಸಿದರು, ೧೯೬೫ರಲ್ಲಿ ದಿವಂಗತರಾದರು. ಅವರ ಸೋದರಿ ಗೋಹರಬಾಯಿಯವರು ಬಾಲಗಂಧರ್ವರೊಡನೆ ಮರಾಠಿ ರಂಗಭೂಮಿಯಲ್ಲಿ ಹಾಡಿದವರು. ಊರು ಬೀಳಗಿ, ಕೀರ್ತಿ ಮುಂಬಯಿಯದು; ಹೆಸರಿನ ಕೊನೆಯಲ್ಲಿರುವ ‘ಕರ್ನಾಟಕಿ’ಯೊಂದೇ ತವರಿನ ಗುರುತು.

ಆ ಕಾಲದ ಗೀತಗಳು ಅರಗಿನ ತಟ್ಟೆಯ ಮೇಲೆ, ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದಂತೆ ಮುದ್ರಿತವಾದವು. ತಟ್ಟೆಯಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಎಂಪಿ೩ ಕಡತಕ್ಕೆ, ಈಗ ಸಂಪಾದನೆಗೆ ಒಗ್ಗುವ ವೇವ್ ಕಡತಕ್ಕೆ ಎಂಬ ಪರಂಪರೆಯಲ್ಲಿ ಪ್ರತಿಯೊಂದು ಘಟ್ಟವೂ ಒಬ್ಬ ಲಿಪಿಕಾರನೇ ಸರಿ. ನಿಮಿಷಕ್ಕೆ ೭೮ ಸುತ್ತಬೇಕಾದ ತಟ್ಟೆಯನ್ನು ೮೦ ಸುತ್ತು ತಿರುಗಿಸಿದರೆ ಶ್ರುತಿಯು ಒಂದು ಸ್ವರಸ್ಥಾನದ ಅರ್ಧದಷ್ಟಕ್ಕೆ ಸಮೀಪವಾಗಿ ಏರುತ್ತದೆ. ಗಾಯಕಿಯ ಆಧಾರಶ್ರುತಿ ಯಾವುದಿತ್ತು, ವಯಸ್ಸಿನೊಡನೆ ಅದು ಇಳಿಯಿತೇ ಎಂಬ ಪ್ರಶ್ನೆಗೆ ಇಂತಹ ಪ್ರತಿಯನ್ನು ನಂಬಿ ಉತ್ತರ ಹೇಳುವುದು ಸಾಹಸವೇ ಹೊರತು ಸಂಶೋಧನೆಯಲ್ಲ. ಇನ್ನು ಮಂದ್ರ, ತಾರ ಧ್ವನಿಗಳ ಪ್ರಮಾಣ. ಇದಕ್ಕೆ ಬಹುಮಟ್ಟಿಗೆ ಎಲ್ಲರೂ ಒಪ್ಪಿದ ಒಂದು ನಿಯಮ ಬಂದುದು ೧೯೫೪ರ ಸುಮಾರಿಗೆ. ಆ ನಿಯಮಕ್ಕೆ ಹೊಂದಿಸಿದ ಯಂತ್ರದಲ್ಲಿ ಹಿಂದಿನ ತಟ್ಟೆಗಳನ್ನು ನುಡಿಸಿದಾಗ ಕಂಠದ ಬಣ್ಣವೇ ಬದಲಾಗುತ್ತದೆ.

ಎಂಪಿ೩ ಕಡತದ ದೋಷ ಬೇರೆ ಬಗೆಯದು. ಕಿವಿಗೆ ಅನಗತ್ಯವೆಂದು ಎಣಿಸಿದ ಅಂಶಗಳನ್ನು ಅದು ಬಿಟ್ಟುಬಿಡುತ್ತದೆ. ಮೂರು ನಿಮಿಷದ ಹಾಡು ೧೨೮ ಕಿಲೋಬಿಟ್ ಪ್ರಮಾಣದಲ್ಲಿ ಮೂರು ಮೆಗಾಬೈಟಿಗೂ ಕಡಿಮೆ. ಅದೇ ಹಾಡನ್ನು ತಟ್ಟೆಯಿಂದ ನೇರವಾಗಿ ೨೪ ಬಿಟ್, ೯೬ ಕಿಲೋಹರ್ಟ್ಸ್ ಪ್ರಮಾಣದ ಏಕವಾಹಿನಿ ವೇವ್ ಕಡತವಾಗಿ ಮುದ್ರಿಸಿಕೊಂಡರೆ ಸುಮಾರು ೫೨ ಮೆಗಾಬೈಟ್. ಎಂಪಿ೩ ಅನ್ನು ವೇವ್ ಆಗಿ ಪರಿವರ್ತಿಸುವುದು ನಿರರ್ಥಕವೆಂದು ನಾವು ಹೇಳುವುದಿಲ್ಲ. ತಿದ್ದಿ ತಿದ್ದಿ ಮತ್ತೆ ಎಂಪಿ೩ ಆಗಿಯೇ ಉಳಿಸಿದರೆ ಪ್ರತಿ ಸಲವೂ ಇನ್ನಷ್ಟು ನಷ್ಟವಾಗುವುದರಿಂದ ಪರಿವರ್ತನೆ ಅವಶ್ಯವೇ. ಆದರೆ ಕಡತ ಹಿಗ್ಗಿತೆಂದು ಕಳೆದುಹೋದುದು ಮರಳಿ ಬಾರದು. ಅಪಾಯವಿರುವುದು ಇಲ್ಲಿಯೇ: ಇಂತಹ ದೊಡ್ಡ ಕಡತವು ಗಾತ್ರದಿಂದಲೇ ಮೂಲಪ್ರತಿಯ ವೇಷ ಧರಿಸುತ್ತದೆ.

ಜಮಖಂಡಿ, ರಬಕವಿ, ಬನಹಟ್ಟಿಗಳ ಕಡೆ ಇರುಳೆಲ್ಲ ಆಡುವ ಶ್ರೀಕೃಷ್ಣ ಪಾರಿಜಾತವನ್ನು ಕ್ಯಾಸೆಟ್ಟಿಗೆ ಇಳಿಸುವಾಗ ಬೇರೊಂದು ತೊಡಕು. ತೊಂಬತ್ತು ನಿಮಿಷದ ಕ್ಯಾಸೆಟ್ಟು ೪೫ನೆಯ ನಿಮಿಷಕ್ಕೆ ಮಗ್ಗುಲು ಮುಗಿಸುತ್ತದೆ. ಪಾತ್ರಧಾರಿ ಆ ಹೊತ್ತಿಗೆ ಪದದ ನಡುವೆ ಇದ್ದರೂ ಇರಬಹುದು. ಪರಿವರ್ತಿಸುವವರು ಎರಡು ತುಂಡುಗಳನ್ನು ನಯವಾಗಿ ಬೆಸೆದರೆ, ಲೋಪವಿತ್ತೆಂಬ ಸಂಗತಿಯೇ ಅಳಿದುಹೋಗುತ್ತದೆ.

ಯುರೋಪಿನ ಪ್ರಸಾರ ಒಕ್ಕೂಟವು ೧೯೯೭ರಲ್ಲಿ ಪ್ರಕಟಿಸಿದ ‘ಬ್ರಾಡ್‌ಕಾಸ್ಟ್ ವೇವ್’ ರೂಪವು ಈ ಕಾರಣದಿಂದ ಇತಿಹಾಸಕಾರರಿಗೆ ಬಹಳ ಉಪಯುಕ್ತ. ಅದರೊಳಗೆ ೨೫೬ ಅಕ್ಷರಗಳ ವಿವರಣೆಗೂ, ಧ್ವನಿಯು ಯಾವ ಯಾವ ರೂಪಗಳನ್ನು ದಾಟಿ ಬಂದಿತೆಂಬ ಪರಿವರ್ತನೆಯ ಚರಿತ್ರೆಗೂ ಸ್ಥಳವಿದೆ. ಓಲೆಯ ಕೊನೆಗೆ ಲಿಪಿಕಾರನು ತನ್ನ ಹೆಸರನ್ನೂ ತಿಥಿವಾರಗಳನ್ನೂ ಬರೆಯುತ್ತಿದ್ದಂತೆಯೇ ಇದು. ಆ ಲಿಪಿಕಾರನಿಗಿದ್ದ ಶ್ರದ್ಧೆ ಮಾತ್ರ ಇಂದು ವಿರಳವೆಂದು ಹೇಳಬೇಕಾಗಿದೆ! ತಟ್ಟೆಯ ಸಂಖ್ಯೆ, ಚೀಟಿಯ ಸಮೀಪ ಅರಗಿನಲ್ಲೇ ಒತ್ತಿರುವ ಮಾತೃಕಾಸಂಖ್ಯೆ, ನುಡಿಸಿದ ವೇಗ, ಬಳಸಿದ ಸೂಜಿ, ನಡುವೆ ಕ್ಯಾಸೆಟ್ಟೋ ಎಂಪಿ೩ ಕಡತವೋ ಇದ್ದರೆ ಅದರ ಉಲ್ಲೇಖ, ಇಷ್ಟನ್ನಾದರೂ ಅಲ್ಲಿ ನಮೂದಿಸತಕ್ಕದ್ದು. ಗೀರುಸದ್ದನ್ನು ತೆಗೆದ ಪ್ರತಿಯನ್ನು ಪ್ರತ್ಯೇಕವಾಗಿಟ್ಟು, ಗೀರುಸದ್ದಿನ ಪ್ರತಿಯನ್ನು ತಿದ್ದದೆ ಉಳಿಸತಕ್ಕದ್ದು. ತಟ್ಟೆಯನ್ನಂತೂ ಪರಿವರ್ತನೆಯಾಯಿತೆಂದು ಯಾರೂ ಗುಜರಿಗೆ ಹಾಕಬಾರದು. ಮುಂದೆ ಇನ್ನೂ ಒಳ್ಳೆಯ ಸೂಜಿಯಿಂದ ಅದನ್ನು ಓದುವವರು ಬರಬಹುದು.