ಪೀಪಾಯಿಗೊಂದು ಮಿತಿಯಿತ್ತು

ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿದವಳು ನಾನು. ಯಾವ ಬಂದರಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಧಕ್ಕೆಯನ್ನು. ಐಸ್‌ಲ್ಯಾಂಡಿನ ಉತ್ತರ ಕರಾವಳಿಯ ಸಿಗ್ಲುಫ್ಯೋರ್ದುರ್‌ನಲ್ಲಿ ನಮ್ಮ ಪ್ರವಾಸಿ ಹಡಗು ನಿಂತಾಗ ಜೊತೆಯವರೆಲ್ಲ ಬೆಟ್ಟಗಳ ಫೋಟೊ ತೆಗೆಯತೊಡಗಿದರು. ನಾನು ಮೀನು ಉಪ್ಪಿಗೆ ಹಾಕುತ್ತಿದ್ದ ಹಳೆಯ ಮನೆಯನ್ನು ಹುಡುಕಿಕೊಂಡು ನಡೆದೆ.

ಈ ಊರಿನಿಂದ ಉತ್ತರ ಧ್ರುವವೃತ್ತಕ್ಕೆ ಐವತ್ತು ಕಿಲೋಮೀಟರ್ ಕೂಡ ಇಲ್ಲ. ಶಾರ್ಕ್ ಹಿಡಿದು ಅದರ ಪಿತ್ತಜನಕಾಂಗದ ಎಣ್ಣೆ ತೆಗೆಯುತ್ತಿದ್ದ ಸಣ್ಣ ಹಳ್ಳಿ ಇದು. 1903ರಲ್ಲಿ ಹೆರಿಂಗ್ ಮೀನಿನ ಬೆನ್ನು ಹತ್ತಿ ನಾರ್ವೆಯವರು ಬಂದರು. ಹೆರಿಂಗ್ ಎಂದರೆ ನಮ್ಮ ಬೂತಾಯಿಗೆ ದೂರದ ನೆಂಟ. ಅದರಂತೆಯೇ ಗುಂಪುಗುಂಪಾಗಿ ಬರುವ, ಮೈತುಂಬ ಎಣ್ಣೆಯಿರುವ ಮೀನು. 1918ರಲ್ಲಿ ಹಳ್ಳಿಗೆ ಪಟ್ಟಣದ ಮಾನ್ಯತೆ ಸಿಕ್ಕಿತು. ಮುಂದೆ ದಡದುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಉಪ್ಪುಕಟ್ಟೆಗಳು ಎದ್ದವು, ಜನಸಂಖ್ಯೆ 3000 ದಾಟಿತು. ಇಡೀ ದೇಶದ ರಫ್ತು ಆದಾಯದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಹೆರಿಂಗ್‌ನಿಂದಲೇ ಬಂದ ವರ್ಷಗಳೂ ಇದ್ದವು.

1907ರಲ್ಲಿ ನಾರ್ವೆಯವರು ಕಟ್ಟಿಸಿದ ರೋಲ್ಡ್ಸ್‌ಬ್ರಾಕಿ ಎಂಬ ಮರದ ಕಟ್ಟಡ ಈಗ ಹೆರಿಂಗ್ ವಸ್ತುಸಂಗ್ರಹಾಲಯದ ಒಂದು ಭಾಗ. ಅದರ ಮಹಡಿಯಲ್ಲಿ ಕೂಲಿಯ ಹೆಂಗಸರು ಮಲಗುತ್ತಿದ್ದ ಕೋಣೆಗಳನ್ನು ಹಾಗೆಯೇ ಇಟ್ಟಿದ್ದಾರೆ. ಒಂದರ ಮೇಲೊಂದು ಮಂಚ, ಗೋಡೆಗೆ ನೇತುಬಿದ್ದ ಬಟ್ಟೆ. ಬೇಸಿಗೆ ಬಂತೆಂದರೆ ದೇಶದ ಮೂಲೆಮೂಲೆಯಿಂದ ಹುಡುಗಿಯರು, ಮಕ್ಕಳ ತಾಯಂದಿರು ಇಲ್ಲಿಗೆ ಬರುತ್ತಿದ್ದರು. ದೋಣಿ ಬಂತು ಅಂದರೆ ಹಗಲಿಲ್ಲ, ರಾತ್ರಿಯಿಲ್ಲ; ಎದ್ದು ಓಡಬೇಕು. ಹೇಗೂ ಆ ದಿನಗಳಲ್ಲಿ ಅಲ್ಲಿ ರಾತ್ರಿಗೂ ಬೆಳಕು. ಚೂರಿಯಿಂದ ತಲೆ ಕತ್ತರಿಸಿ, ಕರುಳು ತೆಗೆದು, ಪೀಪಾಯಿಯಲ್ಲಿ ಒಂದು ವರಸೆ ಮೀನು, ಒಂದು ವರಸೆ ಉಪ್ಪು. ತಳದ ವರಸೆ ಜೋಡಿಸುವಾಗ ಸೊಂಟದವರೆಗೂ ಪೀಪಾಯಿಯೊಳಗೆ ಬಗ್ಗಬೇಕು. ಅದು ತುಂಬಿದ ಮೇಲೆ ಕೈಗೆ ಲೋಹದ ಒಂದು ಬಿಲ್ಲೆ. ಅದನ್ನು ರಬ್ಬರ್ ಬೂಟಿನೊಳಗೆ ಹಾಕಿಕೊಂಡು ಮುಂದಿನ ಪೀಪಾಯಿಗೆ ಕೈ ಹಾಕುವುದು. ಬಿಲ್ಲೆಗಳ ಲೆಕ್ಕದಲ್ಲೇ ಕೂಲಿ. ನನ್ನ ಅಜ್ಜಿಯೂ ಮೀನಿನ ಹೊಟ್ಟೆ ಸೀಳಿ ಉಪ್ಪು ತುಂಬಿದವಳೇ. ಉಪ್ಪು ಹೊಕ್ಕ ಗಾಯದ ಉರಿ ಎಂಥದ್ದೆಂದು ಯಾರೂ ನನಗೆ ವಿವರಿಸಬೇಕಾಗಿಲ್ಲ.

ಆದರೆ ಆ ಕೈಗಳಿಗೆ ಒಂದು ಮಿತಿಯಿತ್ತು. ಎಷ್ಟೇ ಚುರುಕಿನ ಹೆಂಗಸಾದರೂ ದಿನಕ್ಕೆ ಇಷ್ಟೇ ಪೀಪಾಯಿ. ಒಳ್ಳೆಯ ಮೀನು ಬೇಕು, ತಾಜಾ ಇರಬೇಕು. ಊರಿನಲ್ಲಿದ್ದ ಐದು ಕಾರ್ಖಾನೆಗಳಿಗೆ ಈ ಯಾವ ಕಟ್ಟುಪಾಡೂ ಇರಲಿಲ್ಲ. ಅವು ಹೆರಿಂಗನ್ನು ಬೇಯಿಸಿ, ಹಿಂಡಿ, ಎಣ್ಣೆ ಬೇರೆ ಹಿಟ್ಟು ಬೇರೆ ಮಾಡುತ್ತಿದ್ದವು. ತಂದಷ್ಟೂ ಬೇಕು. ಚಿಮಣಿಯಿಂದ ಹೊರಟು ಊರಿಗೆಲ್ಲ ಹರಡುತ್ತಿದ್ದ ವಾಸನೆಯನ್ನು ಅಲ್ಲಿಯವರು ದುಡ್ಡಿನ ವಾಸನೆ ಎಂದೇ ಕರೆಯುತ್ತಿದ್ದರಂತೆ. 1960ರ ದಶಕದಲ್ಲಿ ಮೀನಿನ ಗುಂಪನ್ನು ನೀರಿನಡಿಯೇ ಪತ್ತೆ ಹಚ್ಚುವ ಸೋನಾರ್ ಬಂತು, ಭಾರಿ ಬಲೆಯನ್ನು ಎಳೆದುಹಾಕುವ ಪವರ್ ಬ್ಲಾಕ್ ಬಂತು. ನಾರ್ವೆಯ ತೀರದಲ್ಲಿ ಮರಿಮೀನುಗಳನ್ನೂ ಬಾಚಿದರು, ಅತ್ತ ಸಮುದ್ರವೂ ತಣ್ಣಗಾಗುತ್ತಿತ್ತು. ದಶಕ ಮುಗಿಯುವಷ್ಟರಲ್ಲಿ ಹೆರಿಂಗ್ ಈ ತೀರಕ್ಕೆ ಬರುವುದೇ ನಿಂತಿತು. ಬೆಟ್ಟ ಕೊರೆದ ಮೊದಲ ಸುರಂಗರಸ್ತೆ ಊರಿಗೆ ಬಂದದ್ದು 1967ರಲ್ಲಿ. ಅದರ ಬೆನ್ನಿಗೇ ಜನ ಕೆಲಸ ಹುಡುಕಿಕೊಂಡು ಹೊರಟರು. ಈಗ ಅಲ್ಲಿರುವವರು ಸುಮಾರು 1200 ಮಂದಿ.

ಈ ಕಥೆ ನಮಗೆ ಅಪರಿಚಿತವೇನಲ್ಲ. ಕೇರಿಯವರೆಲ್ಲ ಕೂಡಿ ದಡದಿಂದ ರಂಪಣಿ ಬಲೆ ಎಳೆದು ಬಂಗುಡೆ ಹಿಡಿಯುತ್ತಿದ್ದ ಕಾಲ ನನ್ನ ಬಾಲ್ಯದಲ್ಲಿತ್ತು. 1970ರ ದಶಕದಲ್ಲಿ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿಯುವ ಪರ್ಸಿನ್ ಬೋಟುಗಳು ಬಂದವು, ರಂಪಣಿಯವರ ಜೊತೆ ಜಗಳಗಳೂ ಆದವು, ಕೊನೆಗೆ ರಂಪಣಿಯೇ ಮೂಲೆ ಸೇರಿತು. ಇಂದು ನಮ್ಮ ತೀರದಲ್ಲೂ ಫಿಶ್‌ಮೀಲ್ ಕಾರ್ಖಾನೆಗಳಿವೆ. ಬೂತಾಯಿ ಒಂದು ವರ್ಷ ರಾಶಿ ಬೀಳುತ್ತದೆ, ಮತ್ತೊಂದು ವರ್ಷ ಸಾರಿಗೂ ಸಿಗುವುದಿಲ್ಲ. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ: ಮಳೆ, ಸಮುದ್ರದ ಬಿಸಿ, ಬಲೆಯ ಕಣ್ಣು. ಎಲ್ಲದರಲ್ಲೂ ಸತ್ಯವಿದೆ. ಆದರೆ ಸಮುದ್ರದ ಬಿಸಿ ನಮ್ಮ ಕೈಯಲ್ಲಿಲ್ಲ, ಬಲೆ ನಮ್ಮ ಕೈಯಲ್ಲೇ ಇದೆ.

ಆ ವಸ್ತುಸಂಗ್ರಹಾಲಯಕ್ಕೆ 2004ರಲ್ಲಿ ಯುರೋಪಿನ ಮಿಕೆಲೆಟ್ಟಿ ಪ್ರಶಸ್ತಿ ಬಂದಿದೆ. ಬೇಸಿಗೆಯಲ್ಲಿ ಹಡಗಿನವರಿಗಾಗಿ ಹಳೆಯ ವೇಷ ತೊಟ್ಟ ಹೆಂಗಸರು ಧಕ್ಕೆಯ ಮೇಲೆ ಹೆರಿಂಗ್ ಕೊಯ್ದು ಉಪ್ಪು ಹಾಕಿ ತೋರಿಸುತ್ತಾರೆ. ಅಕಾರ್ಡಿಯನ್ ನುಡಿಯುತ್ತದೆ, ಜನ ಕುಣಿಯುತ್ತಾರೆ. ಪಕ್ಕದ ಗ್ರೌನಾ ಕಟ್ಟಡದಲ್ಲಿ ಎಣ್ಣೆ ತೆಗೆಯುತ್ತಿದ್ದ ಯಂತ್ರಗಳಿವೆ. ಅಲ್ಲಿ ಹಾಡಿಲ್ಲ, ಹೆಚ್ಚಿನವರು ಒಂದು ಸುತ್ತು ಹಾಕಿ ಹೊರಬೀಳುತ್ತಾರೆ. ಕರಾವಳಿಯಿಂದ ಯಾರಾದರೂ ಹೋದರೆ ನನ್ನದೊಂದು ಮಾತು: ಕುಣಿತ ನೋಡಿ, ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಯಂತ್ರಗಳ ಮುಂದೆ. ಊರು ಹೇಗೆ ಬೆಳೆಯಿತೆಂದು ಪೀಪಾಯಿಗಳು ಹೇಳುತ್ತವೆ. ಅದು ಯಾಕೆ ಬರಿದಾಯಿತೆಂದು ಕೇಳಬೇಕಾದದ್ದು ಆ ಯಂತ್ರಗಳನ್ನು.