ಇಂಟರ್‌ವ್ಯೂಗೆ ಕೂರೋ ಮುಂಚೆ ಒಂದು ಗೋಡೆ ಬೇಕು

1/6

ಗುರುವಾರ ಬೆಳಿಗ್ಗೆ 11ಕ್ಕೆ ನನಗೊಂದು ಇಂಟರ್‌ವ್ಯೂ ಇದೆ. ಅಕೌಂಟ್ಸ್ ಟ್ರೈನಿ ಕೆಲಸ, ವಿಡಿಯೋ ಕಾಲ್‌ನಲ್ಲಿ. ಮೂರು ದಿನದಿಂದ ನಾನು ಓದಿದ್ದು ಕಡಿಮೆ, ಲ್ಯಾಪ್‌ಟಾಪ್ ಹಿಡ್ಕೊಂಡು ಮನೆಯೊಳಗೆ ಗೋಡೆ ಹುಡುಕಿದ್ದೇ ಜಾಸ್ತಿ.

ನಮ್ಮದು ದಾವಣಗೆರೆಯಲ್ಲಿ ಎರಡು ರೂಮಿನ ಬಾಡಿಗೆ ಮನೆ. ಮುಂದಿನ ರೂಮಲ್ಲಿ ಒಂದು ಗೋಡೆಗೆ ಅಮ್ಮನ ಹೊಲಿಗೆ ಮಷಿನ್, ಇನ್ನೊಂದಕ್ಕೆ ಟಿವಿ ಮತ್ತೆ ದೇವರ ಫೋಟೋಗಳು, ಮೂರನೇದರಲ್ಲಿ ಅಡುಗೆಮನೆ ಬಾಗಿಲು, ನಾಲ್ಕನೇದರಲ್ಲಿ ಕಿಟಕಿ. ನೆಟ್‌ವರ್ಕ್ ಸಿಗೋದು ಕಿಟಕಿ ಹತ್ರ ಮಾತ್ರ. ಕಿಟಕಿಗೆ ಬೆನ್ನು ಹಾಕಿ ಕೂತ್ರೆ ನನ್ನ ಮುಖ ಕಪ್ಪಗೆ ಬರುತ್ತೆ. ಕಿಟಕಿಗೆ ಮುಖ ಮಾಡಿ ಕೂತ್ರೆ ಬೆಳಕು ಚೆನ್ನಾಗಿ ಬೀಳುತ್ತೆ, ಆದ್ರೆ ಹಿಂದೆ ಅಮ್ಮ, ಮಷಿನ್, ಹಗ್ಗದ ಮೇಲೆ ನೇತಾಡೋ ಹತ್ತು ಬ್ಲೌಸ್, ಎಲ್ಲಾ ಕಾಣುತ್ತೆ.

ಕಳೆದ ತಿಂಗಳು ಇದೇ ಜಾಗದಲ್ಲಿ ಕೂತು ನನ್ನ ಮೊದಲ ವಿಡಿಯೋ ಇಂಟರ್‌ವ್ಯೂ ಕೊಟ್ಟೆ. ಬ್ಯಾಂಕ್ ರೀಕನ್ಸಿಲಿಯೇಷನ್ ಬಗ್ಗೆ ಕೇಳಿದ್ರು, ಚೆನ್ನಾಗೇ ಹೇಳ್ತಿದ್ದೆ. ಮಧ್ಯದಲ್ಲಿ ಅಮ್ಮ ಮಷಿನ್ ತುಳಿದ್ಲು. ಆ ಕಡೆಯವರು ಮಾತು ನಿಲ್ಲಿಸಿ, ರೂಮಲ್ಲಿ ಬೇರೆ ಯಾರಾದ್ರೂ ಇದ್ದಾರಾ, ಸ್ವಲ್ಪ ಪ್ರೊಫೆಷನಲ್ ಆದ ಜಾಗಕ್ಕೆ ಹೋಗೋಕೆ ಆಗುತ್ತಾ ಅಂದ್ರು. ನನಗೆ ಹೋಗೋಕೆ ಬೇರೆ ಜಾಗ ಇರ್ಲಿಲ್ಲ. ಕಾಲ್ ಮುಗಿದ ಮೇಲೆ ಅಮ್ಮನ ಮೇಲೆ ರೇಗಿದೆ. ಅವಳು ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಹನ್ನೆರಡರವರೆಗೂ ಕೂತು ಹೊಲಿದ್ಲು, ಹಗಲಲ್ಲಿ ನಿಲ್ಲಿಸಿದ್ದ ಕೆಲಸ.

ಆಯ್ಕೆ ಆಗಲಿಲ್ಲ. ಬಂದ ಮೇಲ್‌ನಲ್ಲಿ ಕಾರಣ ಬರೆದಿರ್ಲಿಲ್ಲ.

ಈ ಪುಟದಲ್ಲಿ ನಾವು ದಿನಬಳಕೆ ವಸ್ತುಗಳ ಇತಿಹಾಸ ಬರೀತೀವಲ್ಲ, ಕಳೆದ ಸಲ ರೋಕಡ್ ಪುಸ್ತಕ ಆಯ್ತು. ಈ ಸಲ ನನ್ನದೇ ಪ್ರಶ್ನೆ: ಕೆಲಸ ಕೊಡೋರು ನಮ್ಮನೆ ಒಳಗನ್ನ ಯಾವಾಗಿಂದ ನೋಡೋಕೆ ಶುರು ಮಾಡಿದ್ರು?

2/6

ಮೊದಲು ಇಂಟರ್‌ವ್ಯೂ ಕಥೆ.

ಕೆಲಸಕ್ಕೆ ಬಂದವರನ್ನ ಪ್ರಶ್ನೆ ಕೇಳಿ ಗೋಳು ಹುಯ್ಕೊಳ್ಳೋದರಲ್ಲಿ ದೊಡ್ಡ ಹೆಸರು ಥಾಮಸ್ ಎಡಿಸನ್‌ದು. ಹೌದು, ಬಲ್ಬ್ ಎಡಿಸನ್ನೇ. ತನ್ನ ಕಂಪನಿಗೆ ಬರೋ ಪದವೀಧರರಿಗೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಕೊಡ್ತಿದ್ದ. ಫ್ರಾನ್ಸ್‌ನ ಸುತ್ತ ಯಾವ ದೇಶಗಳಿವೆ? ವೋಲ್ಗಾ ನದಿ ಎಲ್ಲಿದೆ? ಸೀಮೆಎಣ್ಣೆ ಪೀಪಾಯಿ ಯಾವ ಮರದಿಂದ ಮಾಡ್ತಾರೆ? 1921ರ ಮೇ ತಿಂಗಳಲ್ಲಿ ಈ ಪ್ರಶ್ನೆಗಳು ಪತ್ರಿಕೆಗೆ ಸೋರಿಕೆಯಾಗಿ ಅಮೆರಿಕದಲ್ಲೆಲ್ಲಾ ಅದೇ ಮಾತು. ಆಗ ಅಲ್ಲಿಗೆ ಬಂದಿದ್ದ ಐನ್‌ಸ್ಟೈನ್‌ಗೂ ಪಟ್ಟಿಯ ಒಂದು ಪ್ರಶ್ನೆ ಕೇಳಿದ್ರು: ಶಬ್ದದ ವೇಗ ಎಷ್ಟು? ಪುಸ್ತಕದಲ್ಲಿ ಸಿಗೋದನ್ನ ನಾನು ತಲೇಲಿ ಇಟ್ಕೊಂಡು ಓಡಾಡಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. (ಇದನ್ನ ಗುರುವಾರ ನಾನು ಹೇಳಿದ್ರೆ ಕಾಲ್ ಅಲ್ಲೇ ಕಟ್.)

ಪ್ರಶ್ನೆ ಎಷ್ಟೇ ವಿಚಿತ್ರ ಇರ್ಲಿ, ರೂಮು ಎಡಿಸನ್‌ದು. ಮೇಜು, ಕುರ್ಚಿ, ದೀಪ ಎಲ್ಲಾ ಅವನದೇ. ಬಂದ ಹುಡುಗ ಎಂಥ ಮನೆಯಿಂದ ಎದ್ದು ಬಂದ ಅನ್ನೋದು ಅವನ ಕಣ್ಣಿಗೆ ಬೀಳ್ತಿರ್ಲಿಲ್ಲ.

ನಮ್ಮಪ್ಪ ಮೊದಲ ಇಂಟರ್‌ವ್ಯೂಗೆ ಹೋದಾಗ ಗೆಳೆಯನ ಶರ್ಟ್ ಹಾಕ್ಕೊಂಡು ಹೋಗಿದ್ರಂತೆ. ತೋಳು ಸ್ವಲ್ಪ ಉದ್ದ ಆಗಿತ್ತಂತೆ, ಮಡಚಿಕೊಂಡ್ರಂತೆ. ಅಷ್ಟೇ ಸಮಸ್ಯೆ. ಶರ್ಟಾದ್ರೆ ಸಾಲ ಸಿಗುತ್ತೆ.

3/6

ಈಗ ಇನ್ನೊಂದು ದಾರ: ಮುಖ ನೋಡ್ಕೊಂಡು ಫೋನಲ್ಲಿ ಮಾತಾಡೋದು. ಇದು ಸ್ವಲ್ಪ ಉದ್ದ ಇದೆ, ಆದ್ರೆ ನನಗೆ ತುಂಬ ಇಷ್ಟವಾದ ಭಾಗ ಇದೇ.

1927ರ ಏಪ್ರಿಲ್ 7ರಂದು ಎಟಿ ಅಂಡ್ ಟಿ ಕಂಪನಿಯವರು ವಾಷಿಂಗ್ಟನ್‌ನಲ್ಲಿದ್ದ ಮಂತ್ರಿ ಹರ್ಬರ್ಟ್ ಹೂವರ್‌ನ ಮುಖವನ್ನ ನ್ಯೂಯಾರ್ಕ್‌ಗೆ ಕಳಿಸಿ ತೋರಿಸಿದ್ರು. ಚಿತ್ರ ಹೋಗಿದ್ದು ಒಂದೇ ಕಡೆಗೆ. ನ್ಯೂಯಾರ್ಕ್‌ನವರಿಗೆ ಹೂವರ್ ಕಂಡ, ಹೂವರ್‌ಗೆ ಅವರು ಕಾಣಲಿಲ್ಲ. (ಕ್ಯಾಮೆರಾ ಆಫ್ ಮಾಡ್ಕೊಂಡು ಇಂಟರ್‌ವ್ಯೂ ಮಾಡೋರನ್ನ ನೀವೂ ನೋಡಿರ್ತೀರ, ಸಂಪ್ರದಾಯ ಹಳೇದೇ.)

1936ರಲ್ಲಿ ಜರ್ಮನಿಯ ಅಂಚೆ ಇಲಾಖೆ ಬರ್ಲಿನ್ ಮತ್ತು ಲೀಪ್‌ಜಿಗ್ ನಡುವೆ ಸಾರ್ವಜನಿಕರಿಗೆ ಅಂತ ವಿಡಿಯೋ ಟೆಲಿಫೋನ್ ಶುರು ಮಾಡ್ತು. ಎರಡೂ ಕಡೆಯವರು ತಮ್ಮ ತಮ್ಮ ಊರಿನ ಬೂತ್‌ಗೆ ಹೋಗಿ ಕೂರಬೇಕು. ಯುದ್ಧ ಬಂತು, 1940ಕ್ಕೆ ಮುಚ್ಚಿತು.

ಆಮೇಲೆ 1964. ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಎಟಿ ಅಂಡ್ ಟಿ 'ಪಿಕ್ಚರ್‌ಫೋನ್' ಇಟ್ಟಿತ್ತು. ಜೂನ್ 24ರಂದು ಅಮೆರಿಕ ಅಧ್ಯಕ್ಷರ ಪತ್ನಿ ಲೇಡಿ ಬರ್ಡ್ ಜಾನ್ಸನ್ ವಾಷಿಂಗ್ಟನ್‌ನಿಂದ, ನ್ಯೂಯಾರ್ಕ್‌ನಲ್ಲಿದ್ದ ವಿಜ್ಞಾನಿ ಎಲಿಜಬೆತ್ ವುಡ್‌ಗೆ ಕರೆ ಮಾಡಿ ಬೂತ್ ಸೇವೆ ಉದ್ಘಾಟಿಸಿದ್ರು. ವಾಷಿಂಗ್ಟನ್, ನ್ಯೂಯಾರ್ಕ್, ಶಿಕಾಗೋ, ಮೂರು ಊರಲ್ಲಿ ಬೂತ್. ಮೂರು ನಿಮಿಷಕ್ಕೆ 16ರಿಂದ 27 ಡಾಲರ್. ಮೊದಲೇ ಬುಕ್ ಮಾಡಿ, ತಲೆ ಬಾಚ್ಕೊಂಡು, ಒಳ್ಳೇ ಬಟ್ಟೆ ಹಾಕ್ಕೊಂಡು ಹೋಗಬೇಕು. ಜನ ಬರಲಿಲ್ಲ.

ಕಂಪನಿ ಬಿಡಲಿಲ್ಲ. 1970ರ ಜೂನ್ 30ಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ಆಫೀಸುಗಳಿಗೆ ನೇರ ಸಂಪರ್ಕ ಕೊಟ್ಟರು. ತಿಂಗಳಿಗೆ 160 ಡಾಲರ್ ಬಾಡಿಗೆ, ಅದರಲ್ಲಿ 30 ನಿಮಿಷ ಮಾತು, ಮೇಲಿನ ಪ್ರತಿ ನಿಮಿಷಕ್ಕೆ 25 ಸೆಂಟ್. ಈ ಯೋಜನೆಗೆ ಸುರಿದಿದ್ದು ಸುಮಾರು 50 ಕೋಟಿ ಡಾಲರ್. ಗಿರಾಕಿಗಳು ಎಷ್ಟು ಅಂತೀರಾ? 500 ಕೂಡ ಮುಟ್ಟಲಿಲ್ಲ.

ಯಾಕೆ ಬಿತ್ತು ಅಂದ್ರೆ, ಬಿಕಾಂ ವಿದ್ಯಾರ್ಥಿಯಾಗಿ ನನಗೆ ಎರಡು ಉತ್ತರ ಗೊತ್ತು. ಬೆಲೆ ಒಂದು. ಇನ್ನೊಂದು, ಇಡೀ ಊರಲ್ಲಿ ನಿಮ್ಮೊಬ್ಬರ ಹತ್ರ ಇದ್ರೆ ನೀವು ಯಾರಿಗೆ ಕಾಲ್ ಮಾಡ್ತೀರ? ಫೋನ್ ಇರೋರು ಹೆಚ್ಚಿದಷ್ಟೂ ಫೋನ್‌ಗೆ ಬೆಲೆ. ಆದ್ರೆ ಮೂರನೇದು ಲೆಕ್ಕದ ಪುಸ್ತಕದಲ್ಲಿ ಬರಲ್ಲ. ಫೋನ್ ಬಂದಾಗೆಲ್ಲಾ ಇನ್ನೊಬ್ಬರ ಕಣ್ಣಿಗೆ ಬೀಳೋದು ಜನಕ್ಕೆ ಬೇಕಿರ್ಲಿಲ್ಲ. ಕಂಪನಿಗೂ ಇದರ ಸುಳಿವು ಇತ್ತು ಅನ್ಸುತ್ತೆ, ಯಾಕಂದ್ರೆ ಪಿಕ್ಚರ್‌ಫೋನ್‌ನಲ್ಲಿ ನಮ್ಮನ್ನ ನಾವೇ ಮೊದಲು ನೋಡ್ಕೊಳ್ಳೋಕೆ ಒಂದು ಬಟನ್ ಇಟ್ಟಿದ್ರು. ಇವತ್ತು ನಮ್ಮ ಸ್ಕ್ರೀನ್ ಮೂಲೇಲಿ ಬರೋ ನಮ್ಮದೇ ಮುಖದ ಚೌಕ ಇದೆಯಲ್ಲ, ಅದರ ಅಜ್ಜಿ.

ಅಷ್ಟು ದುಡ್ಡಿದ್ದ ದೇಶದವರು, ಕೊಡೋಕೆ ಬಂದ್ರೂ ಬೇಡ ಅಂದ್ರು. ಬೇಡ ಅನ್ನೋ ಸ್ವಾತಂತ್ರ್ಯ ಅವರಿಗೆ ಇತ್ತು.

4/6

ಮುಂದಿನದನ್ನ ಬೇಗ ಮುಗಿಸ್ತೀನಿ.

1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಒಂದು ಕ್ಯಾಮೆರಾನ ಕಾಫಿ ಪಾತ್ರೆ ಕಡೆ ತಿರುಗಿಸಿಟ್ರು. ಕಾಫಿ ಇದೆಯಾ ಖಾಲಿನಾ ಅಂತ ಕೂತಲ್ಲೇ ನೋಡೋಕೆ. ವೆಬ್‌ಕ್ಯಾಮ್‌ನ ಹುಟ್ಟು ಅಲ್ಲಿ. 1994ರಲ್ಲಿ 'ಕ್ವಿಕ್‌ಕ್ಯಾಮ್' ಅನ್ನೋ ಚೆಂಡಿನಂಥ ಕ್ಯಾಮೆರಾ ಸುಮಾರು 100 ಡಾಲರ್‌ಗೆ ಅಂಗಡಿಗೆ ಬಂತು, ಚಿತ್ರ ಕಪ್ಪು ಬಿಳುಪು. 2003ರಲ್ಲಿ ಸ್ಕೈಪ್, 2006ರ ಹೊತ್ತಿಗೆ ಅದರಲ್ಲಿ ವಿಡಿಯೋ. ನಮ್ಮ ಕಡೆ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಹೆಡ್‌ಫೋನ್ ಹಾಕ್ಕೊಂಡು, ದುಬೈನಲ್ಲಿರೋ ಮಗನನ್ನ ನೋಡಿ ಅತ್ತವರ ಕಾಲ ಅದು. ಆಗಲೂ ಕೆಫೆಯ ಪ್ಲೈವುಡ್ ಗೋಡೆನೇ ಹಿಂದೆ ಕಾಣ್ತಿತ್ತು, ಮನೆ ಅಲ್ಲ.

ನಮ್ಮ ಎರಡು ದಾರಗಳು ಗಂಟು ಬೀಳೋದು 2004ರಲ್ಲಿ. ಅಮೆರಿಕದ ಯೂಟಾದಲ್ಲಿ ಹೈರ್‌ವ್ಯೂ ಅನ್ನೋ ಕಂಪನಿ ಶುರುವಾಯ್ತು. ಕೆಲಸಕ್ಕೆ ಅರ್ಜಿ ಹಾಕಿದವರ ಮನೆಗೆ ಪೋಸ್ಟ್‌ನಲ್ಲಿ ವೆಬ್‌ಕ್ಯಾಮ್ ಕಳಿಸೋದು, ಅವರು ಮನೇಲೇ ಕೂತು ಉತ್ತರ ರೆಕಾರ್ಡ್ ಮಾಡೋದು. ಪ್ರಯಾಣದ ಖರ್ಚು ಉಳೀತು, ಅದು ನಿಜವಾದ ಲಾಭ. ದಾವಣಗೆರೆಯಿಂದ ಬೆಂಗಳೂರಿಗೆ ಒಂದು ಇಂಟರ್‌ವ್ಯೂಗೆ ಹೋಗಿ ಬರೋದು ಅಂದ್ರೆ ಅಮ್ಮನಿಗೆ ಎಷ್ಟು ಬ್ಲೌಸ್ ಅಂತ ನನಗೆ ಗೊತ್ತು. ಆದ್ರೆ ಇಂಟರ್‌ವ್ಯೂ ರೂಮಿನ ಬಾಡಿಗೆ, ಕರೆಂಟು, ನಿಶ್ಶಬ್ದ, ಎಲ್ಲಾ ಖರ್ಚು ಕಂಪನಿಯ ಖಾತೆಯಿಂದ ಅಭ್ಯರ್ಥಿಯ ಖಾತೆಗೆ ಬಂದಿದ್ದೂ ಅಲ್ಲಿಂದಲೇ. ಡೆಬಿಟ್ ಯಾರಿಗೆ ಬಿತ್ತು ಅಂತ ನೋಡಿ.

ಆಮೇಲೆ ಅದೇ ಕಂಪನಿ ಅಭ್ಯರ್ಥಿಗಳ ಮುಖಭಾವವನ್ನೂ ಸಾಫ್ಟ್‌ವೇರ್‌ನಿಂದ ಅಳೆಯೋಕೆ ಹೋಯ್ತು. ದೂರು, ಟೀಕೆ ಎಲ್ಲಾ ಬಂದು, ಮುಖದ ವಿಶ್ಲೇಷಣೆ ಕೈಬಿಟ್ಟಿದ್ದೀವಿ ಅಂತ 2021ರ ಜನವರಿಯಲ್ಲಿ ಹೇಳ್ತು.

5/6

2020 ನಿಮಗೇ ನೆನಪಿದೆ. ಜೂಮ್‌ನಲ್ಲಿ ದಿನಕ್ಕೆ ಮೀಟಿಂಗ್ ಸೇರುವವರು 2019ರ ಡಿಸೆಂಬರ್‌ನಲ್ಲಿ 1 ಕೋಟಿ, 2020ರ ಮಾರ್ಚ್‌ನಲ್ಲಿ 20 ಕೋಟಿ. ಐವತ್ತು ವರ್ಷ ಹಿಂದೆ 500 ಜನಕ್ಕೂ ಬೇಡವಾಗಿದ್ದದ್ದು. ಯಾರೂ ಇಷ್ಟಪಟ್ಟು ಹೋಗಿದ್ದಲ್ಲ, ಬೇರೆ ಬಾಗಿಲೆಲ್ಲಾ ಮುಚ್ಚಿತ್ತು.

2021ರ ಜೂನ್‌ನಲ್ಲಿ ಒಂದು ಫೋಟೋ ಎಲ್ಲಾ ಕಡೆ ಹರಿದಾಡ್ತು, ನೀವೂ ನೋಡಿರ್ತೀರ. ಸುಳ್ಯ ತಾಲೂಕಿನ ಬಳ್ಳಕದಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿ ರಸ್ತೆ ಬದಿ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ದಾಳೆ, ಜೋರು ಮಳೆ, ಅವಳ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗ್ತಿತ್ತು. ಆ ಕ್ಲಾಸ್‌ನ ಸ್ಕ್ರೀನ್‌ನಲ್ಲಿ ಆ ಅಪ್ಪ ಕಂಡಿರ್ತಾರಾ? ಕಂಡಿದ್ರೆ 'ಬೇರೆ ಯಾರೋ ಇದ್ದಾರೆ' ಅಂತ ಯಾರಾದ್ರೂ ಅಂದಿರ್ತಾರಾ? ಆ ಫೋಟೋ ನೋಡಿದಾಗೆಲ್ಲಾ ಈಗ ಇದೇ ಯೋಚನೆ ಬರುತ್ತೆ.

ವಿಡಿಯೋ ಕಾಲ್ ಮುಗಿಸಿದ್ರೆ ತಲೆ ಯಾಕೆ ಅಷ್ಟು ಭಾರ ಅಂತ ಸ್ಟ್ಯಾನ್‌ಫರ್ಡ್‌ನ ಪ್ರೊಫೆಸರ್ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದ್ರು. ತೀರಾ ಹತ್ತಿರದಿಂದ ದಿಟ್ಟಿಸೋ ದೊಡ್ಡ ದೊಡ್ಡ ಮುಖಗಳು, ಅಲ್ಲಾಡದೆ ಒಂದೇ ಚೌಕಟ್ಟಲ್ಲಿ ಕೂರೋದು, ಸನ್ನೆಗಳನ್ನ ಕಷ್ಟಪಟ್ಟು ಕಳಿಸೋದು, ಮತ್ತೆ ಇಡೀ ಹೊತ್ತು ನಮ್ಮ ಮುಖ ನಾವೇ ನೋಡ್ತಾ ಇರೋದು. ಅಂದ್ರೆ ಕನ್ನಡಿ ಹಿಡ್ಕೊಂಡು ಇಂಟರ್‌ವ್ಯೂ ಕೊಟ್ಟ ಹಾಗೆ. ನಮ್ಮ ಮುಖದ ಚೌಕವನ್ನ ನಮಗೆ ಮಾತ್ರ ಕಾಣದ ಹಾಗೆ ಮಾಡೋ ಆಯ್ಕೆ ಇದೆ. ಹುಡುಕಿ ಹಾಕ್ಕೊಳ್ಳಿ.

ಈಗ ಬ್ಲರ್ ವಿಷಯ. ಹಿಂದಿನದು ಮಸುಕಾಗಿಸೋ ಈ ಸೌಲಭ್ಯ 2018ರಲ್ಲಿ ಮೈಕ್ರೋಸಾಫ್ಟ್ ಟೀಮ್ಸ್‌ಗೆ, 2019ರಲ್ಲಿ ಸ್ಕೈಪ್‌ಗೆ ಬಂತು. ನಾನು ಏನ್ ಅಂದ್ಕೊಂಡಿದ್ದೆ ಅಂದ್ರೆ, ನನ್ನ ಹಾಗೆ ಮನೆ ಮುಚ್ಚಿಡೋರಿಗೆ ಅಂತಲೇ ಮಾಡಿರ್ತಾರೆ ಅಂತ. ಅಲ್ಲ. ಅದರ ಹಿಂದೆ ಇದ್ದವರಲ್ಲಿ ಒಬ್ಬರು ಮೈಕ್ರೋಸಾಫ್ಟ್‌ನ ಎಂಜಿನಿಯರ್, ಭಾರತದಲ್ಲಿ ಹುಟ್ಟಿದ ಹೆಣ್ಣುಮಗಳು. ಅವರಿಗೆ ಕಿವಿ ಕೇಳಲ್ಲ, ತುಟಿ ನೋಡಿ ಮಾತು ತಿಳ್ಕೊಳ್ತಾರೆ. ಅಪ್ಪ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡುವಾಗ ಅವರ ಹಿಂದಿನ ದೀಪದ ಬೆಳಕಿಗೆ ತುಟಿ ಸರಿಯಾಗಿ ಕಾಣ್ತಿರ್ಲಿಲ್ಲ. ದೀಪ ಆರಿಸಿ ಅಂತ ಹೇಳ್ಬೇಕಾಗ್ತಿತ್ತು. ಹಿಂದಿನದು ಮಸುಕಾದ್ರೆ ಮುಖ ಎದ್ದು ಕಾಣುತ್ತಲ್ಲ ಅಂತ ಹೊಳೆದಿದ್ದು ಅಲ್ಲಿಂದ.

ನಾನು ಅಮ್ಮನನ್ನ ಮರೆ ಮಾಡೋಕೆ ಹುಡುಕ್ತಿದ್ದ ಬಟನ್ನು, ಒಬ್ಬ ಮಗಳು ಅಪ್ಪ ಅಮ್ಮನ ಮುಖ ಸರಿಯಾಗಿ ನೋಡೋಕೆ ಅಂತ ಮಾಡಿದ್ದು. ಇದನ್ನ ಓದಿದ ದಿನ ನಾನು ಬೇರೆ ಏನೂ ಓದಲಿಲ್ಲ.

6/6

ಗುರುವಾರಕ್ಕೆ ನಾನು ಮಾಡ್ಕೊಂಡಿರೋದು ಇಷ್ಟು, ನಿಮಗೂ ಉಪಯೋಗ ಆಗ್ಬಹುದು.

ಕಿಟಕಿಗೆ ಮುಖ ಮಾಡಿ ಕೂರ್ತೀನಿ. ಲ್ಯಾಪ್‌ಟಾಪ್ ಕೆಳಗೆ ಕಾಸ್ಟ್ ಅಕೌಂಟಿಂಗ್ ಮತ್ತೆ ಕಂಪನಿ ಲಾ ಪುಸ್ತಕ, ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ಬರೋಕೆ. (ಇನ್ನೇನಕ್ಕೂ ಆ ಪುಸ್ತಕಗಳು ಇಷ್ಟು ಉಪಯೋಗಕ್ಕೆ ಬಂದಿಲ್ಲ.) ಕ್ಯಾಮೆರಾ ಸ್ಕ್ರೀನ್‌ಗಿಂತ ಮೇಲಿರೋದರಿಂದ, ಅವರ ಮುಖ ನೋಡಿದ್ರೆ ಅವರಿಗೆ ನಾನು ಕೆಳಗೆ ನೋಡ್ತಿರೋ ಹಾಗೆ ಕಾಣುತ್ತೆ. ಉತ್ತರ ಹೇಳುವಾಗ ಕ್ಯಾಮೆರಾ ನೋಡೋದು, ಪ್ರಶ್ನೆ ಕೇಳುವಾಗ ಮುಖ ನೋಡೋದು ಅಂತ ಅಭ್ಯಾಸ ಮಾಡ್ತಿದ್ದೀನಿ. ಮೊಬೈಲ್ ಹಾಟ್‌ಸ್ಪಾಟ್ ತಯಾರು, ಅಪ್ಪನ ಫೋನಲ್ಲಿ ಇನ್ನೊಂದು ಸಿಮ್ ತಯಾರು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇನ್ನೊಂದ್ಸಲ ಓದ್ಬೇಕು. ಬ್ಲರ್ ಹಾಕಿ ನೋಡಿದೆ, ನನ್ನ ಹಳೇ ಲ್ಯಾಪ್‌ಟಾಪ್ ಬಿಸಿಯಾಗಿ ಹೆಲಿಕಾಪ್ಟರ್ ಥರ ಸದ್ದು ಮಾಡುತ್ತೆ, ಜೊತೆಗೆ ನನ್ನ ಎಡಗಿವಿ ಆಗಾಗ ಮಾಯ. ತೆಗೆದೆ.

ಕರೆ ಶುರುವಾದ ತಕ್ಷಣ ನಾನೇ ಮೊದಲು ಹೇಳ್ತೀನಿ ಅಂತ ತೀರ್ಮಾನ ಮಾಡಿದೀನಿ: ಇದು ನಮ್ಮನೆ, ಹಿಂದೆ ಕೂತಿರೋದು ನಮ್ಮಮ್ಮ, ಅವರು ಟೈಲರ್. ಇಂಗ್ಲಿಷಲ್ಲಿ ಕನ್ನಡಿ ಮುಂದೆ ಹತ್ತು ಸಲ ಹೇಳ್ಕೊಂಡೆ. ಎರಡನೇ ಸಲ ಗಂಟಲು ಕಟ್ಟಿತು, ಆಮೇಲೆ ಸರಿಹೋಯ್ತು.

ನಿನ್ನೆ ರಾತ್ರಿ ಅಮ್ಮನಿಗೆ ಹೋದ ತಿಂಗಳಿನದಕ್ಕೆ ಸಾರಿ ಕೇಳಿದೆ. ಅವಳು ಅದಕ್ಕೆ ಏನೂ ಹೇಳಲಿಲ್ಲ, ಎಷ್ಟು ಹೊತ್ತು ಇರುತ್ತೆ ಅಂತ ಕೇಳಿದ್ಲು. ಮುಕ್ಕಾಲು ಗಂಟೆ ಅಂದೆ. ಮದುವೆ ಸೀಸನ್, ನಾಲ್ಕು ಬ್ಲೌಸ್‌ಗೆ ಹುಕ್ ಹಾಕೋದು ಬಾಕಿ ಇದೆಯಂತೆ. ಅದು ಕೈಕೆಲಸ, ಮಷಿನ್ ಬೇಡ. ಅದನ್ನ ಗುರುವಾರ 11 ಗಂಟೆಗೆ ಅಂತ ಎತ್ತಿಟ್ಟಿದ್ದಾಳೆ.