ಅರ್ಧ ನಿಮೇಷದಲ್ಲಿ 2202 ಯೋಜನ: ಸಾಯಣಭಾಷ್ಯದ ಒಂದು ಸಂಖ್ಯೆಯನ್ನು ಕುರಿತು

ಋಗ್ವೇದದ ಮೊದಲ ಮಂಡಲದ 50ನೆಯ ಸೂಕ್ತ ಸೂರ್ಯನನ್ನು ಕುರಿತದ್ದು, ಋಷಿ ಪ್ರಸ್ಕಣ್ವ. ಅದರ ನಾಲ್ಕನೆಯ ಮಂತ್ರಕ್ಕೆ ಭಾಷ್ಯ ಬರೆಯುವಾಗ ಸಾಯಣಾಚಾರ್ಯರು ಒಂದು ಶ್ಲೋಕವನ್ನು ಉದಾಹರಿಸುತ್ತಾರೆ. ಅರ್ಧ ನಿಮೇಷದಲ್ಲಿ 2202 ಯೋಜನ ಕ್ರಮಿಸುವ ಸೂರ್ಯನಿಗೆ ನಮಸ್ಕಾರ ಎಂಬುದು ಅದರ ತಾತ್ಪರ್ಯ. ಬೆಳಕಿನ ವೇಗ ನಮ್ಮ ಪೂರ್ವಿಕರಿಗೆ ಗೊತ್ತಿತ್ತು ಎನ್ನುವವರು ಮುಂದಿಡುವ ಆಧಾರ ಇದೇ. ಸುಭಾಷ್ ಕಾಕ್ ಅವರು 1998ರಲ್ಲಿ ಇಂಡಿಯನ್ ಜರ್ನಲ್ ಆಫ್ ಹಿಸ್ಟರಿ ಆಫ್ ಸೈನ್ಸ್ ಪತ್ರಿಕೆಯಲ್ಲಿ ಸಾಯಣರ ಖಗೋಳಜ್ಞಾನವನ್ನು ಕುರಿತು ಬರೆದಾಗ ಈ ಸಂಖ್ಯೆ ವಿದ್ವತ್ ಚರ್ಚೆಗೆ ಬಂತು. ಇದು ಕಾಕತಾಳೀಯವಿರಬಹುದೇ ಎಂಬ ಪ್ರಶ್ನೆಯನ್ನು ಅವರೂ ಎತ್ತಿಕೊಂಡಿದ್ದರು. ಆಮೇಲೆ ಭಾಷಣಗಳಲ್ಲಿ, ಮೊಬೈಲ್ ಸಂದೇಶಗಳಲ್ಲಿ ಆ ಪ್ರಶ್ನೆ ಬಿದ್ದುಹೋಗಿ ಉತ್ತರವೊಂದೇ ಉಳಿಯಿತು.

ಸಾಯಣರು ನಮ್ಮ ನೆಲದವರು. ವಿಜಯನಗರದ ಆರಂಭದ ಅರಸರಾದ ಬುಕ್ಕ, ಇಮ್ಮಡಿ ಹರಿಹರರ ಕಾಲದಲ್ಲಿ ಮಂತ್ರಿಯಾಗಿದ್ದು, 1387ರಲ್ಲಿ ತೀರಿಕೊಂಡವರು. ಅಷ್ಟು ದೊಡ್ಡ ಭಾಷ್ಯ ಒಬ್ಬರ ಕೈಯಿಂದ ಆದದ್ದಲ್ಲ. ವೇದಭಾಷ್ಯದ ಕೆಲಸಕ್ಕೆ ನೆರವಾದ ಮೂವರು ವಿದ್ವಾಂಸರಿಗೆ ಹರಿಹರನು ದಾನ ಕೊಟ್ಟ 1386ರ ತಾಮ್ರಶಾಸನ ಇದಕ್ಕೆ ಸಾಕ್ಷಿ. ಮೈಸೂರಿನ ಜಯಚಾಮರಾಜೇಂದ್ರ ವೇದರತ್ನಮಾಲೆಯ ಋಗ್ವೇದ ಸಂಪುಟಗಳಲ್ಲಿ ಈ ಭಾಷ್ಯ ಕನ್ನಡ ಅರ್ಥದೊಡನೆ ಅಚ್ಚಾಗಿದೆ. ಸಂಸ್ಕೃತ ಬಾರದವರೂ ಮೂಲವನ್ನು ತೆರೆದು ನೋಡಬಹುದು.

ನೋಡಿದರೆ ಮೊದಲು ಕಾಣುವುದು ಎರಡು ಸಂಗತಿ. ಒಂದು, ಸಂಖ್ಯೆ ಮಂತ್ರದಲ್ಲಿಲ್ಲ, ಭಾಷ್ಯದಲ್ಲಿದೆ. ಭಾಷ್ಯದಲ್ಲೂ ಅದು ಸಾಯಣರ ಸ್ವಂತ ಮಾತಲ್ಲ. ಹೀಗೆಂದು ಸ್ಮೃತಿಯಿದೆ ಎಂದು ಹೇಳಿಯೇ ಅವರು ಶ್ಲೋಕವನ್ನು ಕೊಡುತ್ತಾರೆ. ಆದ್ದರಿಂದ ‘ಋಗ್ವೇದದಲ್ಲಿ ಬೆಳಕಿನ ವೇಗ’ ಎಂಬ ಮಾತು ಆರಂಭದಲ್ಲೇ ತಪ್ಪು. ವೇದಕ್ಕೂ ಭಾಷ್ಯಕ್ಕೂ ನಡುವೆ ಎರಡು ಸಾವಿರ ವರ್ಷಗಳಿಗೂ ಮೀರಿದ ಅಂತರವಿದೆ. ಎರಡು, ಶ್ಲೋಕ ಸಂಬೋಧಿಸುವುದು ಸೂರ್ಯನನ್ನು. ಬೇರೆಯವರು ಹೋಗಲಾಗದ ದಾರಿಯಲ್ಲಿ ಹೋಗುವವನು ಎಂದು ಸೂರ್ಯನ ವಿಶೇಷಣವೊಂದಕ್ಕೆ ಅರ್ಥ ಹೇಳಿ, ಆ ಗಮನಕ್ಕೆ ಬೆಂಬಲವಾಗಿ ಈ ಶ್ಲೋಕವನ್ನು ತಂದಿದ್ದಾರೆ. ಕೂಡಲೇ ಅದೇ ವಿಶೇಷಣಕ್ಕೆ ಇನ್ನೊಂದು ಅರ್ಥ ಕೊಡುತ್ತಾರೆ: ಉಪಾಸಕರನ್ನು ರೋಗದಿಂದ ಪಾರುಮಾಡುವವನು. ಅಲ್ಲಿಗೂ ಒಂದು ಸ್ಮೃತಿವಾಕ್ಯದ ಆಧಾರ. ಭಾಷ್ಯಕಾರರು ಕೆಲಸ ಮಾಡುವ ಬಗೆಯೇ ಹೀಗೆ: ಪದಕ್ಕೆ ಸಾಧ್ಯವಾದ ಅರ್ಥಗಳು, ಪ್ರತಿಯೊಂದಕ್ಕೂ ಒಂದು ಪ್ರಮಾಣ. ಕಿರಣದ ವೇಗವನ್ನು ಹೇಳುವ ಉದ್ದೇಶ ಆ ಸಾಲುಗಳಲ್ಲಿ ಎಲ್ಲೂ ಇಲ್ಲ.

ಇನ್ನು ಲೆಕ್ಕ. ಪ್ರಚಲಿತ ಲೆಕ್ಕದಲ್ಲಿ ಯೋಜನವೆಂದರೆ 9 ಮೈಲಿ, ಅಂದರೆ 14.48 ಕಿಲೋಮೀಟರ್. ನಿಮೇಷಕ್ಕೆ ಪುರಾಣಗಳ ಮಾನ: 15 ನಿಮೇಷ ಒಂದು ಕಾಷ್ಠಾ, 30 ಕಾಷ್ಠಾ ಒಂದು ಕಲಾ, 30 ಕಲಾ ಒಂದು ಮುಹೂರ್ತ, 30 ಮುಹೂರ್ತ ಒಂದು ಹಗಲು-ರಾತ್ರಿ. 86,400 ಸೆಕೆಂಡುಗಳನ್ನು ಹೀಗೆ ಭಾಗಿಸಿದರೆ ನಿಮೇಷ 0.2133 ಸೆಕೆಂಡ್. ಅದರರ್ಧದಲ್ಲಿ 2202 ಯೋಜನ ಎಂದರೆ ಸೆಕೆಂಡಿಗೆ ಸುಮಾರು 2,99,000 ಕಿಲೋಮೀಟರ್. ಬೆಳಕಿನ ವೇಗ 2,99,792. ಹೊಂದಿಕೆ ನಿಜಕ್ಕೂ ಕಣ್ಣು ಸೆಳೆಯುವಂಥದ್ದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಕೇಳಬೇಕಾದದ್ದು, ಈ ಯೋಜನ ಮತ್ತು ಈ ನಿಮೇಷವನ್ನೇ ಆರಿಸಿದ್ದು ಏಕೆ ಎಂದು.

ಯೋಜನದ ಅಳತೆ ಗ್ರಂಥದಿಂದ ಗ್ರಂಥಕ್ಕೆ ಬೇರೆ. ಆರ್ಯಭಟನು ಭೂಮಿಯ ವ್ಯಾಸವನ್ನು 1050 ಯೋಜನವೆಂದ. ಇಂದಿನ 12,742 ಕಿಲೋಮೀಟರ್ ವ್ಯಾಸಕ್ಕೆ ಹೊಂದಿಸಿದರೆ ಅವನ ಯೋಜನ 12.14 ಕಿಲೋಮೀಟರ್. ಸೂರ್ಯಸಿದ್ಧಾಂತ ಅದೇ ವ್ಯಾಸವನ್ನು 1600 ಯೋಜನವೆನ್ನುತ್ತದೆ. ಅಲ್ಲಿಗೆ ಯೋಜನ 8 ಕಿಲೋಮೀಟರಿಗೂ ತುಸು ಕಡಿಮೆ. ನಿಮೇಷವೂ ಹಾಗೆಯೇ. ಮನುಸ್ಮೃತಿಯಲ್ಲಿ ಕಾಷ್ಠಾಕ್ಕೆ 15ರ ಬದಲು 18 ನಿಮೇಷ. ಆಗ ನಿಮೇಷ 0.178 ಸೆಕೆಂಡ್. ಕೌಟಿಲ್ಯನ ಅರ್ಥಶಾಸ್ತ್ರದ ಕಾಲಮಾನದಲ್ಲಿ 0.24. ಭಾಗವತದ ಮೂರನೆಯ ಸ್ಕಂಧದಲ್ಲಿ 0.427. ಎರಡನೆಯ ಭಾಸ್ಕರಾಚಾರ್ಯರ ಸಿದ್ಧಾಂತಶಿರೋಮಣಿಯಲ್ಲಿ 0.089. ಮೂರು ಯೋಜನ, ಐದು ನಿಮೇಷ, ಒಟ್ಟು ಹದಿನೈದು ಜೋಡಿ. ಇವುಗಳಿಂದ ಬರುವ ವೇಗ ಸೆಕೆಂಡಿಗೆ 82,000 ಕಿಲೋಮೀಟರಿನಿಂದ ಹಿಡಿದು 7,17,000ಕ್ಕೂ ಮೇಲೆ ಹೋಗುತ್ತದೆ.

ಇದರಲ್ಲಿ ಇನ್ನೊಂದು ವಿಷಯ ನನಗೆ ಮುಖ್ಯವೆನಿಸುತ್ತದೆ. ಹದಿನೈದರಲ್ಲಿ ಬೆಳಕಿನ ವೇಗದ ಹತ್ತಿರ ಬರುವ ಜೋಡಿ ಒಂದಲ್ಲ, ಎರಡು. ಆರ್ಯಭಟನ ಯೋಜನವನ್ನು ಮನುವಿನ ನಿಮೇಷದೊಡನೆ ಕೂಡಿಸಿದರೂ ಸುಮಾರು 3,00,600 ಬರುತ್ತದೆ. ಯೋಜನ ಬೇರೆ, ನಿಮೇಷ ಬೇರೆ, ಉತ್ತರ ಮಾತ್ರ ಒಂದೇ. ಶ್ಲೋಕ ಬರೆದವನ ಮನಸ್ಸಿನಲ್ಲಿ ಈ ಎರಡು ಜೋಡಿಯೂ ಒಟ್ಟಿಗೆ ಇದ್ದಿರಲಾರವು. ಒಂದಾದರೂ ಬರಿಯ ಆಕಸ್ಮಿಕ. ಒಂದು ಆಕಸ್ಮಿಕವೆಂದು ಒಪ್ಪಿದ ಮೇಲೆ ಮತ್ತೊಂದನ್ನು ಜ್ಞಾನವೆನ್ನಲು ಬೇರೆ ಆಧಾರ ಬೇಕು, ಹೊಂದಿಕೆಯೊಂದೇ ಸಾಲದು.

ದೂರವನ್ನು ಒಂದು ಗ್ರಂಥದಿಂದ, ಕಾಲವನ್ನು ಮತ್ತೊಂದರಿಂದ ತೆಗೆಯುವುದಕ್ಕಿಂತ ಎರಡನ್ನೂ ಹೇಳಿದ ಒಂದೇ ಗ್ರಂಥವನ್ನು ಹಿಡಿಯುವುದು ನ್ಯಾಯ. ಭಾಸ್ಕರಾಚಾರ್ಯರು ಎರಡನ್ನೂ ಕೊಟ್ಟಿದ್ದಾರೆ. ಅವರ ಭೂವ್ಯಾಸ 1581 ಯೋಜನ. ಅಂದರೆ ಯೋಜನಕ್ಕೆ 8.06 ಕಿಲೋಮೀಟರ್. ಅವರದೇ ನಿಮೇಷ ಹಾಕಿ ಗುಣಿಸಿದರೆ ಸೆಕೆಂಡಿಗೆ ಸುಮಾರು 3,99,000 ಕಿಲೋಮೀಟರ್ ಬರುತ್ತದೆ, ಬೆಳಕಿಗಿಂತ ಮೂರನೆಯ ಒಂದು ಪಾಲು ಹೆಚ್ಚು. ಪ್ರಚಲಿತ 9 ಮೈಲಿಗೆ ಆಧಾರವಾಗಿ ಅರ್ಥಶಾಸ್ತ್ರವನ್ನು ಹೆಸರಿಸುವುದುಂಟು. ಹಾಗಿದ್ದರೆ ನಿಮೇಷವನ್ನೂ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಆಗ ವೇಗ 2,66,000ಕ್ಕೆ ಇಳಿಯುತ್ತದೆ.

ಹಗಲು-ರಾತ್ರಿಯನ್ನು 15, 18, 30, 60 ಎಂದು ಸಣ್ಣ ಸಂಖ್ಯೆಗಳಿಂದ ಮತ್ತೆ ಮತ್ತೆ ಭಾಗಿಸುತ್ತ ಹೋದಾಗ ಇಂಥ ಹೊಂದಿಕೆ ಬೇಕಾದಷ್ಟು ಸಿಗುತ್ತದೆ. ಭಾಗವತದ ಮಾನದಲ್ಲಿ 3 ನಿಮೇಷ ಒಂದು ಕ್ಷಣ, ಅದು 1.28 ಸೆಕೆಂಡ್. ಚಂದ್ರನಿಂದ ಭೂಮಿಗೆ ಬೆಳಕು ಬರಲು ಸರಾಸರಿ ಹಿಡಿಯುವ ಕಾಲವೂ 1.28 ಸೆಕೆಂಡ್! ಸಾಯಣರ ಸಂಖ್ಯೆಗಿಂತ ಇದು ಇನ್ನೂ ಬಿಗಿಯಾದ ಹೊಂದಿಕೆ. ಆದರೂ ಬೆಳದಿಂಗಳ ಪಯಣವನ್ನು ಅಳೆದು ಕ್ಷಣವನ್ನು ನಿಗದಿಮಾಡಿದರು ಎಂದು ಯಾರೂ ಹೇಳಲಾರರು. ಕ್ಷಣ ಹೇಗೆ ಬಂತೆಂಬುದು ಅಲ್ಲೇ ಬರೆದಿದೆ.

ಭಾಗವತದ ಐದನೆಯ ಸ್ಕಂಧವನ್ನೂ ಇಲ್ಲಿ ನೆನೆಯಬೇಕು. ಮೇರುವಿನ ಸುತ್ತ ಸೂರ್ಯನ ರಥ ತಿರುಗುವ ಪಥ 9 ಕೋಟಿ 51 ಲಕ್ಷ ಯೋಜನವೆಂದೂ ಅವನು ಒಂದು ಕ್ಷಣದಲ್ಲಿ 2000 ಯೋಜನ ಎರಡು ಕ್ರೋಶ ಹೋಗುತ್ತಾನೆಂದೂ ಅಲ್ಲಿ ಹೇಳಿದೆ. ಸೂರ್ಯ, ಯೋಜನ, ಕಣ್ಣೆವೆ ಇಕ್ಕುವಷ್ಟು ಸಣ್ಣ ಕಾಲ: ಮಾತಿನ ಧಾಟಿ ಸಾಯಣರು ಉದಾಹರಿಸಿದ ಶ್ಲೋಕದ್ದೇ. ಇದಕ್ಕೂ 9 ಮೈಲಿಯ ಲೆಕ್ಕ ಹಾಕಿದರೆ ಸೆಕೆಂಡಿಗೆ 22,600 ಕಿಲೋಮೀಟರ್ ಬರುತ್ತದೆ. ಯಾವುದಕ್ಕೂ ಹೊಂದದ ಈ ಸಂಖ್ಯೆಯನ್ನು ಯಾರೂ ಎತ್ತಿ ತೋರಿಸುವುದಿಲ್ಲ. ಅದೇ ಬಗೆಯ ಎರಡು ವಾಕ್ಯಗಳಲ್ಲಿ ಹೊಂದಿದ್ದನ್ನು ಇಟ್ಟುಕೊಂಡು ಹೊಂದದ್ದನ್ನು ಬಿಡುವುದು ಸಂಶೋಧನೆಯಾಗದು. ಇಲ್ಲಿ ಎದುರು ಪಕ್ಷದ ಒಂದು ವಾದವನ್ನೂ ತೂಗಿ ನೋಡಬೇಕು. ಪುರಾಣದ ನಿಮೇಷದಂತೆ ಸಾಯಣರ ಸೂರ್ಯ ಒಂದು ದಿನಕ್ಕೆ 178 ಕೋಟಿ ಯೋಜನಕ್ಕೂ ಹೆಚ್ಚು ಹೋಗಬೇಕು. ಇದು ಭಾಗವತದ ಪಥಕ್ಕಿಂತ ತೀರ ದೊಡ್ಡದು. ಆದ್ದರಿಂದ ಇದು ಸೂರ್ಯಗತಿಯಲ್ಲ, ಬೆಳಕೇ ಇರಬೇಕು ಎನ್ನುತ್ತಾರೆ. ಆದರೆ ಭಾಗವತದ ಎರಡು ಸಂಖ್ಯೆಗಳೇ ಒಂದಕ್ಕೊಂದು ಕೂಡುವುದಿಲ್ಲ. ಕ್ಷಣಕ್ಕೆ 2000 ಯೋಜನದಂತೆ ದಿನಕ್ಕೆ ಹದಿಮೂರೂವರೆ ಕೋಟಿಯಾಗುತ್ತದೆ, ಒಂಬತ್ತೂವರೆಯಲ್ಲ. ಸ್ತುತಿಯಲ್ಲಿ ಬರುವ ಸಂಖ್ಯೆ ಮಹತ್ತನ್ನು ಸೂಚಿಸಲು ಬರುತ್ತದೆ. ಎರಡು ಸಾವಿರ, ಎರಡು ನೂರು, ಎರಡು ಎಂದು ಎರಡರ ಮೇಲೆ ಎರಡು ಜೋಡಿಸಿದ ಈ ಸಂಖ್ಯೆಯಲ್ಲಿ ನನಗೆ ಕೇಳಿಸುವುದು ಛಂದಸ್ಸಿನ ಲಯವೇ ಹೊರತು ಅಳೆದು ಪಡೆದ ಫಲವಲ್ಲ.

ಅಳೆದು ಪಡೆದ ಸಂಖ್ಯೆ ಹಿಂದೆ ಜಾಡು ಬಿಟ್ಟಿರುತ್ತದೆ. ಗುರುಗ್ರಹದ ಉಪಗ್ರಹ ಇಯೋಗೆ ಹಿಡಿಯುವ ಗ್ರಹಣಗಳು ಭೂಮಿ ಗುರುವಿನಿಂದ ದೂರ ಸರಿದಾಗ ಕೋಷ್ಟಕ ಹೇಳಿದ ಹೊತ್ತಿಗಿಂತ ತಡವಾಗುವುದನ್ನು ಗಮನಿಸಿ, ಬೆಳಕು ಬರಲು ಕಾಲ ಹಿಡಿಯುತ್ತದೆ ಎಂದು ಓಲೆ ರೋಮರ್ 1676ರಲ್ಲಿ ಪ್ಯಾರಿಸಿನಲ್ಲಿ ತೋರಿಸಿದ. ಭೂಕಕ್ಷೆಯ ವ್ಯಾಸವನ್ನು ದಾಟಲು 22 ನಿಮಿಷ ಎಂದ. ಸರಿಯಾದದ್ದು ಹದಿನಾರೂವರೆ ನಿಮಿಷಕ್ಕೆ ತುಸು ಹೆಚ್ಚು. ಜೇಮ್ಸ್ ಬ್ರಾಡ್ಲಿ 1728ರಲ್ಲಿ ನಕ್ಷತ್ರಗಳ ತೋರಿಕೆಯ ಸ್ಥಾನಪಲ್ಲಟದಿಂದ, ಪೂರಾ ಬೇರೆ ದಾರಿಯಲ್ಲಿ, ಇನ್ನೂ ಹತ್ತಿರದ ಬೆಲೆ ಪಡೆದ. ಒಬ್ಬನ ತಪ್ಪನ್ನು ಮತ್ತೊಬ್ಬ ತಿದ್ದಬಹುದಾಗಿತ್ತು, ಏಕೆಂದರೆ ವಿಧಾನ ಎಲ್ಲರ ಎದುರಿಗಿತ್ತು. 2202ಕ್ಕೆ ವಿಧಾನವೂ ಇಲ್ಲ, ಉಪಯೋಗವೂ ಇಲ್ಲ. ಭಾಸ್ಕರರಾಗಲಿ ಕೇರಳದ ನೀಲಕಂಠ ಸೋಮಯಾಜಿಯಾಗಲಿ ಅದರ ಮೇಲೆ ಯಾವ ಗಣಿತವನ್ನೂ ಕಟ್ಟಲಿಲ್ಲ.

ನನಗೆ ನೋವಾಗುವುದು ಈ ಸಂಖ್ಯೆಯ ಗಲಾಟೆಯಲ್ಲಿ ಅದೇ ಮಂತ್ರದ ಭಾಷ್ಯದಲ್ಲಿರುವ ನಿಜವಾದ ಜ್ಞಾನ ಕಾಣದೆ ಹೋಗಿರುವುದಕ್ಕೆ. ಸೂರ್ಯನನ್ನು ಬೆಳಕು ಮಾಡುವವನು ಎಂದಿರುವುದಕ್ಕೆ ಸಾಯಣರು ಕೊಡುವ ವಿವರಣೆ ಹೀಗಿದೆ: ರಾತ್ರಿಯಲ್ಲಿ ಚಂದ್ರನೇ ಮೊದಲಾದ ಜಲಮಯ ಬಿಂಬಗಳ ಮೇಲೆ ಸೂರ್ಯನ ಕಿರಣಗಳು ಪ್ರತಿಫಲಿಸಿ ಕತ್ತಲನ್ನು ಕಳೆಯುತ್ತವೆ, ಬಾಗಿಲ ಬಳಿ ಇಟ್ಟ ಕನ್ನಡಿಯ ಮೇಲೆ ಬಿದ್ದ ಬಿಸಿಲು ಮನೆಯೊಳಗಿನ ಕತ್ತಲನ್ನು ಕಳೆಯುವ ಹಾಗೆ. ಚಂದ್ರನಿಗೆ ಸ್ವಂತ ಬೆಳಕಿಲ್ಲ ಎಂಬುದನ್ನು ಹದಿನಾಲ್ಕನೆಯ ಶತಮಾನದ ಭಾಷ್ಯಕಾರರು ಯಾವ ಗೂಢಾರ್ಥಕ್ಕೂ ಎಡೆಯಿಲ್ಲದಂತೆ ಹೇಳಿದ್ದಾರೆ. ಇಲ್ಲಿ ಯೋಜನವನ್ನು ಹಿಗ್ಗಿಸಬೇಕಾಗಿಲ್ಲ, ನಿಮೇಷವನ್ನು ಆರಿಸಬೇಕಾಗಿಲ್ಲ.

ಈ ಅರಿವಿಗೆ ಜಾಡೂ ಇದೆ. ಸೂರ್ಯನ ಒಂದು ಕಿರಣ ಚಂದ್ರನನ್ನು ಬೆಳಗುತ್ತದೆ ಎಂದು ಯಾಸ್ಕರ ನಿರುಕ್ತದಲ್ಲಿದೆ. 499ರ ಆರ್ಯಭಟೀಯ ಭೂಮಿ, ಗ್ರಹ, ನಕ್ಷತ್ರಗಳೆಲ್ಲದರ ಅರ್ಧಭಾಗ ಸೂರ್ಯನಿಗೆದುರಾಗಿ ಬೆಳಗಿ ಮಿಕ್ಕರ್ಧ ತನ್ನದೇ ನೆರಳಿನಲ್ಲಿ ಕತ್ತಲಾಗಿರುತ್ತದೆ ಎಂದು ಹೇಳಿ, ಚಂದ್ರಗ್ರಹಣವನ್ನು ಭೂಮಿಯ ನೆರಳಿನಿಂದ ಲೆಕ್ಕಹಾಕುತ್ತದೆ. ಆರನೆಯ ಶತಮಾನದ ವರಾಹಮಿಹಿರರ ಬೃಹತ್ಸಂಹಿತೆಯಲ್ಲಿ ನೀರಿನಿಂದಾದ ಚಂದ್ರನ ಮೇಲೆ ಬಿದ್ದ ಕಿರಣ ಮತ್ತು ಮನೆಯೊಳಗಿನ ಕತ್ತಲು ಕಳೆಯುವ ಕನ್ನಡಿಯ ಹೋಲಿಕೆ ಆಗಲೇ ಇದೆ. ಸಾಯಣರ ಕನ್ನಡಿ ಎಂಟು ಶತಮಾನ ಹಳೆಯ ಜ್ಯೋತಿಷ ಪರಂಪರೆಯಿಂದ ವೇದಭಾಷ್ಯಕ್ಕೆ ಬಂದದ್ದು. ಅಂದರೆ ವಿಜ್ಞಾನ ವೇದದಿಂದ ಹೊರಟಿದ್ದಲ್ಲ. ಸಿದ್ಧಾಂತಿಗಳು ಬೆಳೆಸಿದ ತಿಳಿವನ್ನು ಭಾಷ್ಯಕಾರರು ವೇದಕ್ಕೆ ಅರ್ಥ ಹೇಳಲು ಬಳಸಿಕೊಂಡರು. ಚಂದ್ರ ನೀರಿನಿಂದಾದದ್ದು ಎಂಬ ಭಾಗ ತಪ್ಪು, ಪ್ರತಿಫಲನ ಸರಿ. ಚಂದ್ರ ಹೇಗೆ ಕನ್ನಡಿಯಾಗಬಲ್ಲ ಎಂಬ ಪ್ರಶ್ನೆಗೆ ನೀರು ಅವರು ಕೊಟ್ಟುಕೊಂಡ ಉತ್ತರ. ಹೀಗಾಗಿ ತಪ್ಪು ಸರಿ ಎರಡೂ ಒಂದೇ ವಿಚಾರದ ಭಾಗ. ಒಂದನ್ನು ಬಿಟ್ಟು ಮತ್ತೊಂದನ್ನು ಓದಿದರೆ ಅವರು ಹೇಗೆ ಯೋಚಿಸಿದರೆಂಬುದೇ ತಿಳಿಯದು.

ಬೆಳಕಿನ ವೇಗವನ್ನು ಕುರಿತೂ ನಮ್ಮಲ್ಲಿ ಗಂಭೀರ ಚರ್ಚೆ ನಡೆದಿದೆ, ಆದರೆ ಅದು ನ್ಯಾಯಶಾಸ್ತ್ರದಲ್ಲಿ. ಕಣ್ಣಿನಿಂದ ತೇಜಸ್ಸಿನ ರಶ್ಮಿ ಹೊರಟು ವಸ್ತುವನ್ನು ಮುಟ್ಟಿದಾಗ ಅದು ಕಾಣುತ್ತದೆ ಎಂಬುದು ನೈಯಾಯಿಕರ ಮತ. ಬೌದ್ಧ ತಾರ್ಕಿಕರ ಆಕ್ಷೇಪ: ಹಾಗಿದ್ದರೆ ಹತ್ತಿರದ ಮರದ ಕೊಂಬೆ ಮೊದಲು, ದೂರದ ಚಂದ್ರ ಆಮೇಲೆ ಕಾಣಬೇಕಲ್ಲ? ಎರಡೂ ಒಟ್ಟಿಗೇ ಕಾಣುತ್ತವೆ. ಉದ್ಯೋತಕರ ನ್ಯಾಯವಾರ್ತಿಕದಲ್ಲಿ ಉತ್ತರಿಸುತ್ತಾನೆ: ಒಟ್ಟಿಗೆ ಕಾಣುವುದಿಲ್ಲ, ವೇಗ ಹೆಚ್ಚಾದ್ದರಿಂದ ನಡುವಿನ ಕಾಲ ನಮ್ಮ ಗಮನಕ್ಕೆ ಬರುವುದಿಲ್ಲ, ಒಂದರ ಮೇಲೊಂದಿಟ್ಟ ನೂರು ನೈದಿಲೆಯ ಎಸಳುಗಳನ್ನು ಸೂಜಿ ಚುಚ್ಚುವಾಗ ಒಂದಾದ ಮೇಲೊಂದು ತೂತಾದರೂ ಒಮ್ಮೆಲೇ ಆದಂತೆ ತೋರುವ ಹಾಗೆ. ರಶ್ಮಿಯ ದಿಕ್ಕು ತಿರುವುಮುರುವಾಗಿದೆ, ವೇಗಕ್ಕೆ ಸಂಖ್ಯೆಯಿಲ್ಲ. ಆದರೆ ಬೆಳಕಿಗೂ ಕಾಲ ಬೇಕು, ಆ ಕಾಲ ನಮ್ಮ ಇಂದ್ರಿಯಕ್ಕೆ ಸಿಗದಷ್ಟು ಸಣ್ಣದು ಎಂಬ ತರ್ಕ ಇಲ್ಲಿ ಎರಡು ಪಕ್ಷಗಳ ನಡುವಿನ ವಾದದಲ್ಲಿ, ಆಕ್ಷೇಪ ಸಮಾಧಾನಗಳೊಡನೆ ನಮ್ಮ ಕೈಗೆ ಸಿಗುತ್ತದೆ. ಬೆಳಕನ್ನು ಕುರಿತು ಭಾರತೀಯರು ಏನನ್ನು ಯೋಚಿಸಿದ್ದರು ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ತೋರಿಸುವುದು ಉದ್ಯೋತಕರನ ಈ ಪುಟವನ್ನು, ಜೊತೆಗೆ ಸಾಯಣರ ಕನ್ನಡಿಯ ಸಾಲನ್ನು.